ನೋಂದಾಯಿತ ಕಚೇರಿ

ಸುಂಕೇರಿಯ ಶೇವಂತಿ ಹರಿಕಂತ್ರ, ಅವಳ ನಾದಿನಿ ಮಾಣಕು,
ಕಾಳಿಯ ಇಳಿತದಲ್ಲಿ ಸೊಂಟದವರೆಗೆ ನಿಂತು
ಬಳಚು ಹೆಕ್ಕುವವರು,
ನನ್ನ ಮೇಜಿನೆದುರು ಕೂತಿದ್ದಾರೆ
ನಿರ್ದೇಶಕಿಯರಾಗಲು.

ಮೊದಲು ಕೊಟ್ಟ ಹೆಸರು ವಾಪಸು ಬಂತು.
ಹೋಲುವ ಕಂಪನಿ ಪುಣೆಯಲ್ಲಿ ಆಗಲೇ ಇದೆಯಂತೆ.
"ಅವ್ರೂ ಬಳಚೇ ಮಾರೂದಾ?"
"ಅಲ್ಲ, ಪಂಪ್‌ಸೆಟ್ಟು."
ಮಾಣಕು ಬಾಯಿಗೆ ಸೆರಗು ಒತ್ತಿ ನಕ್ಕಳು.
ಹೊಳೆಯ ಹೆಸರು ಬಿಟ್ಟು, ಇಬ್ಬರದನ್ನೂ ಕತ್ತರಿಸಿ ಜೋಡಿಸಿದೆವು:
ಶೇಮಾಣ ಸೀಫುಡ್ಸ್ ಪ್ರೈವೇಟ್ ಲಿಮಿಟೆಡ್.

ಹೆಬ್ಬೆರಳು ಇಟ್ಟರೆ ಯಂತ್ರ ಒಲ್ಲೆ ಅನ್ನುತ್ತದೆ.
ಚಿಪ್ಪು ಕೊರೆದೂ ಕೊರೆದೂ ಗೆರೆಯೇ ಉಳಿದಿಲ್ಲ.
ಆರನೇ ಸಲಕ್ಕೆ
ಕಿರುಬೆರಳು ಹೇಗೋ ಒಪ್ಪಿಗೆಯಾಯಿತು.

ಕಚೇರಿಯ ವಿಳಾಸಕ್ಕೆ ಕರೆಂಟು ಬಿಲ್ಲು ಕೇಳಿದೆ.
ಸೊಂಟದ ಚೀಲದಿಂದ ತೆಗೆದಳು, ನಾಲ್ಕು ಮಡಿಕೆ, ಉಪ್ಪಿನ ವಾಸನೆ.
ಹೆಸರು: ಗೋಪಿ ಕೋಂ ಬುದ್ಯಾ ಹರಿಕಂತ್ರ.
"ಇವರ ಒಪ್ಪಿಗೆ ಪತ್ರ ಬೇಕಲ್ಲ."
"ನಮ್ಮತ್ತೆ. ಹೋಗಿ ಹನ್ನೊಂದು ವರ್ಷ ಆಯ್ತು."

ನಾನು ಎಲ್ಲರಿಗೂ ಹೇಳುವುದನ್ನು ಅವರಿಗೂ ಹೇಳಿದೆ:
ಕಂಪನಿಗೆ ಸಾವೆಂಬುದಿಲ್ಲ,
ನೀವಿಬ್ಬರು ಹೋದರೂ ಅದು ಇರುತ್ತದೆ,
ಸಾಲವೂ ಅದರ ಹೆಸರಲ್ಲೇ, ಆಸ್ತಿಯೂ.

ಶೇವಂತಿ ಬಿಲ್ಲನ್ನು ತನ್ನತ್ತ ತಿರುಗಿಸಿ
ಓದಲು ಬಾರದಿದ್ದರೂ ಸ್ವಲ್ಪ ಹೊತ್ತು ನೋಡಿದಳು.
"ಅದ್ರಲ್ಲಿ ಹೊಸ್ತು ಎಂತದು?
ತಿಂಗ್ಳು ತಿಂಗ್ಳೂ ಅತ್ತೆ ಹೆಸ್ರಿಗೆ ಬರ್ತದೆ.
ನಾ ಕಟ್ತೆ."

ನೀರು ಇಳಿಯುವ ಹೊತ್ತಾಯಿತೆಂದು
ಇಬ್ಬರೂ ಎದ್ದು ಹೋದರು, ಬುಟ್ಟಿ ಹೊರಗಿತ್ತು.
ಮೇಜಿನ ಮೇಲೆ ಇನ್ನೂ
ಗೋಪಿ ಕೋಂ ಬುದ್ಯಾ,
ಬಾಕಿ: ಸೊನ್ನೆ.