ಮುತ್ತಿಗೂ ಮುಟ್ಟಿಗೂ

ಮುಹರ್ರಕ್ಕಿನ ಹಲ್ವಾ ಅಂಗಡಿಯಲ್ಲಿ ನನ್ನದು ತೂಕದ ಕೆಲಸ.
ಬೆಳಗ್ಗೆ ಎಂಟರಿಂದ ತಕ್ಕಡಿಯ ಹಿಂದೆ.
ಕೇಸರಿ, ಗುಲಾಬಿನೀರು, ತುಪ್ಪ. ತಾಮ್ರದ ಕಡಾಯಿಯಲ್ಲಿ
ಪಾಕ ತಳ ಬಿಟ್ಟು ಹೊಳೆಯುವ ಹೊತ್ತಿಗೆ
ನಾನು ಮೂಲೆಯಲ್ಲಿ ನೆನೆಸಿದ ಮೆಂತ್ಯ ಅಗಿಯುತ್ತಿರುತ್ತೇನೆ.
ಇವತ್ತಿನದು ಹೇಗಿದೆ, ಕೇಳುತ್ತಾರೆ ಗಿರಾಕಿಗಳು.
ಚೆನ್ನಾಗಿದೆ ಅನ್ನುತ್ತೇನೆ.
ಮಾರ್ಚಿನಿಂದ ನಾಲಿಗೆಗೆ ತಾಗಿಸಿಲ್ಲ.

ಮಾರ್ಚಿನಲ್ಲಿ, ಸ್ಕ್ಯಾನಿನ ತಣ್ಣನೆ ಅಂಟು ಹೊಟ್ಟೆಯ ಮೇಲಿರುವಾಗಲೇ
ಡಾಕ್ಟರು ಪರದೆಯನ್ನು ನನ್ನತ್ತ ತಿರುಗಿಸಿದರು.
ಕಪ್ಪು ಬೊಟ್ಟು, ಪಕ್ಕದಲ್ಲಿ ಬೊಟ್ಟು, ಅಂಚಿನುದ್ದಕ್ಕೂ.
ಇದಕ್ಕೆ ಮುತ್ತಿನ ಸರ ಅಂತೇವೆ ನಾವು, ಅಂದರು.
ಈ ಊರಲ್ಲಿ ಈ ಮಾತು ಹೇಳಿ ಹೇಳಿ ಅವರಿಗೇ ನಗು ಬಂದಂತಿತ್ತು.
ಕೊಕ್ಕೆಯಿಲ್ಲದ ಸರ; ಬಿಚ್ಚಿಡಲು ಬರುವುದಿಲ್ಲ.
ಗುಣವಾಗುತ್ತದಾ, ಕೇಳಿದೆ.
ನಿಭಾಯಿಸುತ್ತೀರಿ, ಅಂದರು.

ಮುತ್ತಿಗೂ ಮುಟ್ಟಿಗೂ ನಮ್ಮ ಭಾಷೆಯಲ್ಲಿ
ನಾಲಿಗೆಯ ತುದಿ ಹಲ್ಲಿನಿಂದ ಅಂಗುಳಕ್ಕೆ ಸರಿಯುವಷ್ಟೇ ದೂರ.
ನನ್ನ ಮೈಗೆ ಆ ದೂರ ಒಮ್ಮೊಮ್ಮೆ ಎಪ್ಪತ್ತು ದಿನ,
ಒಂದು ಸಲ ನೂರ ಹನ್ನೊಂದು.

ಏನು ತಿನ್ನಬೇಕೆಂಬ ಚೀಟಿ ಫ್ರಿಜ್ಜಿನ ಬಾಗಿಲಲ್ಲಿದೆ.
ಮರಿಸೆಲ್ ಅದಕ್ಕೊಂದು ನಗುವ ಅನಾನಸು ಅಂಟಿಸಿದ್ದಾಳೆ.
ಅವಳ ಅನ್ನ ಬಿಳಿ, ರಾತ್ರಿ ಹನ್ನೊಂದಕ್ಕೆ, ಪಾತ್ರೆ ತುಂಬ.
ಆವಿ ನನ್ನ ಬಾಗಿಲ ಸಂದಿಯಲ್ಲಿ ನುಸುಳಿ
ಒಂದೇ ತುತ್ತು ಅನ್ನುತ್ತದೆ, ಥೇಟ್ ಅಜ್ಜಿಯ ದನಿಯಲ್ಲಿ.
ನನಗೆ ಕುಚ್ಚಲಕ್ಕಿ ಅರ್ಧ ಸೌಟು, ಹೆಸರುಕಾಳು,
ಸೌತೆ, ಹುಳಿ ಸವರಿ ಸುಟ್ಟ ಸಾಫಿ ಮೀನು.
ರಾಗಿಹಿಟ್ಟಿಗೆ ಶುಕ್ರವಾರ ಎರಡು ಬಸ್ಸು ಬದಲಿಸಿ ಮನಾಮಾಕ್ಕೆ.
ಇನ್ನು ಕರಕ್ ಚಾ:
ಸಕ್ಕರೆಯಿಲ್ಲದ ಕರಕ್ ಅಂದರೆ ಬಿಸಿ ಬಿಸಿ ಬೈಗುಳ.

ಅಮ್ಮ ಫೋನಿನಲ್ಲಿ,
ಅಷ್ಟು ದೂರ ಹೋದದ್ದು ಉಪವಾಸ ಬೀಳಲಿಕ್ಕಾ?
ಗಂಡಿನ ಕಡೆಯವರು ಹೊಸ ಫೋಟೋ ಕೇಳಿದ್ದಾರಂತೆ.
ಗದ್ದದ ಮೂರು ಕೂದಲು ಚಿಮಟದಲ್ಲಿ ಕಿತ್ತು
ಬೆಳಕಿಗೆ ಬೆನ್ನು ಹಾಕಿ ನಿಂತು ತೆಗೆದೆ.
ಕಳಿಸಲಿಲ್ಲ.

ನಾಲ್ಕು ತಿಂಗಳಲ್ಲಿ ಇಳಿದದ್ದು ಎರಡು ಕಿಲೋ ಮುನ್ನೂರು ಗ್ರಾಮು.
ಅಷ್ಟನ್ನು ಬೇರೆಯವರಿಗೆ ತೂಗಿ ಕಟ್ಟಿಕೊಡಲು ನನಗೆ ಒಂದೇ ನಿಮಿಷ.

ಉಮ್ ಖಲೀಫಾ ಪ್ರತಿ ಗುರುವಾರ ಬರುತ್ತಾಳೆ. ಅರ್ಧ ಕಿಲೋ, ಗೋಡಂಬಿ ಹೆಚ್ಚು.
ನನ್ನ ಡಬ್ಬಿಗೆ ಇಣುಕಿ ಕೇಳಿದಳು, ಇದೇನು, ಹಕ್ಕಿಗಾ?
ಹರಕು ಅರಬಿಯಲ್ಲಿ ಹೇಳಿದೆ: ಹೊಟ್ಟೆ, ಸಕ್ಕರೆ, ಬೇಡ.
ಅವಳು ಕೋಲಿಗೆ ಗದ್ದ ಊರಿದಳು.
ನಮ್ಮಜ್ಜ ಮುತ್ತಿಗೆ ಮುಳುಗುತ್ತಿದ್ದವ.
ಬೆಳಗ್ಗೆ ನಾಲ್ಕು ಖರ್ಜೂರ, ಒಂದು ಗುಟುಕು ಕಹ್ವಾ,
ಆಮೇಲೆ ಸಂಜೆವರೆಗೂ ಸಮುದ್ರ.
ತುಂಬಿದ ಹೊಟ್ಟೆ ಉಸಿರು ಹಿಡಿಯುವುದಿಲ್ಲ, ಮಗಳೇ.
ಬುಟ್ಟಿಗಟ್ಟಲೆ ಚಿಪ್ಪು ಒಡೆದರೂ ಕೆಲವು ದಿನ ಏನೂ ಇರುತ್ತಿರಲಿಲ್ಲ.
ಆಗೇನು ಮಾಡುತ್ತಿದ್ದರು?
ಮಾಡುವುದೇನು, ಮಾರನೇ ದಿನ ನಾಲ್ಕು ಖರ್ಜೂರ.

ಮೊನ್ನೆ, ಮಧ್ಯಾಹ್ನದ ನಮಾಜಿಗೆ ಮುಂಚೆ
ಯಾರಿಗೋ ಮುಕ್ಕಾಲು ಕಿಲೋ ತೂಗುತ್ತಿರುವಾಗ
ಸೊಂಟದಲ್ಲೊಂದು ಹಳೆಯ ನೋವು ಗುರುತು ಹೇಳಿತು.
ಮೂವತ್ತೊಂಬತ್ತನೇ ದಿನ.
ಮುಳ್ಳು ನಿಲ್ಲುವವರೆಗೆ ಕಾದೆ, ಚಿಲ್ಲರೆ ಎಣಿಸಿ ಕೊಟ್ಟೆ,
ಮಾಲೀಕರಿಗೆ ಐದು ನಿಮಿಷ ಅಂದೆ.
ಏನಾಯಿತು ಅಂದರು.
ತಿಂಗಳದು ಬಂತು ಅನ್ನಲು ಹೋಗಿ ನನ್ನ ಅರಬಿಯಲ್ಲಿ
ಚಂದ್ರ ಕಂಡ ಎಂದಾಯಿತು.
ಅವರು ಕನ್ನಡಕ ಏರಿಸಿ ಗೋಡೆಯ ಕ್ಯಾಲೆಂಡರು ನೋಡಿದರು.
ಇವತ್ತು ಹದಿನೇಳು; ಅವನು ಬಂದು ಬಹಳ ದಿನವಾಯಿತಲ್ಲ.

ಹೌದು, ನನಗೆ ತಡವಾಗಿ ಕಂಡ, ಅಂದೆ.
ಮುಂದಿನದು ಯಾವಾಗಲೋ ಗೊತ್ತಿಲ್ಲ.
ವಾಪಸು ಬಂದು ಡಬ್ಬಿ ತೆರೆದರೆ
ರಾಗಿ ರೊಟ್ಟಿ ತಣ್ಣಗೆ, ಅಂಚು ಗಟ್ಟಿ.
ಚೂರು ಚೂರೇ ಮುರಿದು ತಿಂದೆ.
ಕಡಾಯಿಯಲ್ಲಿ ಆ ದಿನದ ಎರಡನೇ ಪಾಕ ಕುದಿ ಹಿಡಿದಿತ್ತು.