ಕೈಕಟ್ಟು, ಬಾಯ್ಮುಚ್ಚು

ಹಡಗಿನಿಂದಿಳಿದ ಅಳಿಯ ತಂದುಕೊಟ್ಟ
ಎರಡು ಚೀಲ. ಪ್ರೆಟ್ಜೆಲ್ ಅಂತೆ.
ವಾಸ್ಕೋದ ಈ ಓಣಿಯಲ್ಲಿ ಯಾರೂ ಕಚ್ಚಿ ನೋಡಿದ್ದಲ್ಲ.
ನೆವ್ರಿ ಆಗಿದೆ, ದೋದೋಲ್ ಆಗಿದೆ,
ಕುಲ್‌ಕುಲ್ ಡಬ್ಬಿಯ ಮುಚ್ಚಳ ಕೂರುತ್ತಿಲ್ಲ,
ಕ್ರಿಸ್‌ಮಸ್ಸಿಗೆ ಎರಡೇ ದಿನ.
ಇದನ್ನೇನು ಮಾಡಲಿ ಎಂದು ಎರ್ಮೆಲಿಂದಾ ಬಾಯಿ
ಮಹಡಿಯ ಬಾಡಿಗೆಯವಳನ್ನು, ನನ್ನನ್ನು,
ಕೆಳಗೆ ಕೂಗಿದಳು.

(ಬಾಯಿ ಎಂದರೆ ಇಲ್ಲಿ ಮನೆಯೊಡತಿ.
ನಮ್ಮಲ್ಲಿ, ಮುಚ್ಚಬೇಕಾದದ್ದು.)

ಒಂದನ್ನು ಬೆಳಕಿಗೆ ಹಿಡಿದೆ.
ಚಕ್ಕುಲಿಯ ದೂರದ ದಾಯಾದಿ;
ಸುತ್ತು ಮುಗಿಸುವ ತಾಳ್ಮೆಯಿಲ್ಲದೆ
ನಡುವೆಯೇ ಎರಡೂ ತೋಳು ಎದೆಗೆ ಕಟ್ಟಿ
ಕೂತುಬಿಟ್ಟಿದೆ.

ಈ ಭಂಗಿ ನನಗೆ ಗೊತ್ತು.
ಇಪ್ಪತ್ತೆರಡು ವರ್ಷ, ಬಂದರಿನ ಹಿಂದಿನ ಕನ್ನಡ ಶಾಲೆಯಲ್ಲಿ,
ಕಲ್ಲಿದ್ದಲ ಧೂಳು ಹಾಜರಿ ಪುಸ್ತಕಕ್ಕೆ ತಾನೂ ಹಾಜರಾಗುವಾಗ,
ದಿನಕ್ಕೆ ಹತ್ತು ಸಲ ಕೂಗಿದವಳು ನಾನೇ:
ಕೈಕಟ್ಟು. ಬಾಯ್ಮುಚ್ಚು.
ಬಾದಾಮಿ, ರೋಣ, ಮುದ್ದೇಬಿಹಾಳದಿಂದ
ಸಿಮೆಂಟಿನ ಬೆನ್ನುಹತ್ತಿ ಬಂದವರ ಮಕ್ಕಳು
ಸಾಲಾಗಿ ಹೀಗೆಯೇ ಗಂಟಾಗುತ್ತಿದ್ದರು.

ಚಾಕಲೇಟು ಕರಗಿಸುವುದು ನನ್ನ ಪಾಲಿಗೆ.
ಕುದಿನೀರ ಮೇಲೆ ಬಟ್ಟಲು, ಮರದ ಸೌಟು.
ಮುಚ್ಚಳದಿಂದ ಜಾರಿತು ಒಂದು ಹನಿ,
ಒಂದೇ ಹನಿ ನೀರು,
ಇಡೀ ಬಟ್ಟಲು ಮುನಿದು ಮರಳಾಯಿತು.
ಬಾಯಿ ಬೈಯಲಿಲ್ಲ. ಹಾಲು ಸುರಿದು ಕುದಿಸಿ
ಮೊಮ್ಮಕ್ಕಳಿಗೆ ಕುಡಿಸಿದಳು.
ಎರಡನೆಯ ಬಟ್ಟಲು ಹೇಳಿದಂತೆ ಕೇಳಿತು.

ಅದ್ದು, ಕೊಡವು, ಎಣ್ಣೆಕಾಗದದ ಮೇಲಿಡು.
ಅರ್ಧ ಸಾಕು ಅಂದಳು ಬಾಯಿ,
ಅರ್ಧ ಬರಿಮೈ ಇರಲಿ, ಏನೆಂದು ಗೊತ್ತಾಗಲಿ.
ಸಮುದ್ರದ ಗಾಳಿಗೆ ಯಾವುದೂ ಬೇಗ ಒಣಗದು;
ಫ್ರಿಜ್ಜಿನಿಂದ ತೆಗೆದರೆ ಬೆವರುತ್ತವೆ,
ಪರೀಕ್ಷೆಯ ದಿನದ ಹುಡುಗರ ಹಾಗೆ.
ತೋಳು ಮುರಿದವನ್ನು ನಾವಿಬ್ಬರೇ ತಿಂದೆವು.
ಅವು ಬಹಳ ಇದ್ದವು. ಕೆಲವನ್ನು ಬೇಕೆಂದೇ ಮುರಿದೆವು.

ಮೂವತ್ತನೆಯದೋ ನಲವತ್ತನೆಯದೋ ಅದ್ದುವಾಗ
ದ್ಯಾಮಣ್ಣ ಬಂದು ಕೂತ.
ಬಂದದ್ದು ಅಂದಿನ ದ್ಯಾಮಣ್ಣ, ಮೂರನೆಯ ಇಯತ್ತೆ,
ಕೈಕಟ್ಟು ಅಂದರೆ ಕಟ್ಟದವನು.
ಹೇಗೆ ಕಟ್ಟಿಯಾನು, ತೊಡೆಯ ಮೇಲೆ ತಂಗಿ,
ಗಾಳೆವ್ವ, ಒಂದೂವರೆ ವರ್ಷ, ಮೂಗಿನ ತುಂಬ ಸಿಂಬಳ.
ಅವ್ವ ಕಾಂಕ್ರೀಟು ಹೊರಲು ಹೋದರೆ
ಕೂಸನ್ನು ಎಲ್ಲಿಡಬೇಕು?
ಸಾಹೇಬರು ಬರುವ ದಿನ ನಾನು ಗದರಿದೆ.
ಬೆತ್ತ ತೋರಿಸಿದೆ ಎಂಬುದನ್ನೂ ಬರೆಯಬೇಕು.
ಕಟ್ಟಿದ ಅವನು,
ಅವಳ ಸುತ್ತ.
ಇಡೀ ತರಗತಿಯಲ್ಲಿ ಅಷ್ಟು ಬಿಗಿಯಾಗಿ
ಬೇರೆ ಯಾರೂ ಕಟ್ಟಿರಲಿಲ್ಲ.

ಈಗ ಅವನೇ ನಮ್ಮ ಓಣಿಯ ಪೈಲಟ್,
ಹಳದಿ ಮಡ್‌ಗಾರ್ಡಿನ ಬೈಕು, ತಲೆಯಲ್ಲಿ ನಾಲ್ಕು ಬಿಳಿಗೂದಲು.
ಸಂಜೆ ತಟ್ಟೆಗಳನ್ನು ನೆರೆಮನೆಗಳಿಗೆ ಮುಟ್ಟಿಸಲು ಬಂದ.
ನೆವ್ರಿ, ದೋದೋಲ್, ಮೇಲೊಂದು ಕಸೂತಿ ಬಟ್ಟೆ;
ಪ್ರತಿ ತಟ್ಟೆಯ ಮೂಲೆಯಲ್ಲಿ
ಕೈಕಟ್ಟಿ ಕೂತ ನಾಲ್ಕು ನಾಲ್ಕು.

ತಿನ್ನು ಎಂದು ಒಂದು ಕೊಟ್ಟೆ.
ಕಚ್ಚಿದ, ಹುಬ್ಬು ಗಂಟಿಕ್ಕಿದ,
"ಒಳಗ ಉಪ್ಪೈತಲ್ರೀ ಅಕ್ಕೋರ."
ಇರಲಿ ಅಂತಲೇ ಇಟ್ಟಿದ್ದಾರೆ ಎಂದೆ.
ಆ ದಿನ ನೆನಪಿದೆಯೇನೋ ಎಂದು ಕೇಳಲು
ನಾಲಿಗೆಯ ತುದಿವರೆಗೆ ಬಂದಿತ್ತು.
ಕೇಳಲಿಲ್ಲ.
ಅಷ್ಟು ವರ್ಷ ಕಲಿಸಿದ ಪಾಠ
ಕೊನೆಗೆ ನನಗೊಬ್ಬಳಿಗೇ ಬಾಯಿಪಾಠವಾಗಿತ್ತು.

ಗಾಳೆವ್ವನಿಗೆಂದು ಒಂದು ಡಬ್ಬಿ ಕಟ್ಟಿದೆ.
ವೆರ್ಣಾದ ಔಷಧದ ಕಾರ್ಖಾನೆ, ರಾತ್ರಿ ಪಾಳಿ,
ಕೈಗವಸು ಹಾಕಿ ಮಾತ್ರೆ ಎಣಿಸುತ್ತಾಳಂತೆ.
ಇಂಜಿನ್ನಿನ ಕಾವಿಗೆ ಕರಗೀತು, ಜೋಪಾನ ಎಂದೆ.

"ಕರಗ್ಲಿ ಬಿಡ್ರೀ," ಎಂದ, ಕಿಕ್ ಹೊಡೆದ,
"ಆಕಿ ಕೈ ನೆಕ್ಕತಾಳ."