ಕೇಳಿದರೆ ಮಾತ್ರ

ನಗರಸಭೆಯ ಹುಡುಗಿ ಬಂದು
ಗೋಡೆಗೊಂದು ಕಾಗದ ಅಂಟಿಸಿ ಹೋದಳು.
ಇನ್ನು ಮೇಜಿನ ಮೇಲೆ ಉಪ್ಪಿನ ಕುಡಿಕೆ ಇಡುವಂತಿಲ್ಲ,
ಕೇಳಿದವರಿಗೆ ಇಲ್ಲವೆನ್ನುವಂತಿಲ್ಲ.
ಯಜಮಾನಿ ಸೊಯ್ಲಾ ಎರಡು ಸಲ ಓದಿ,
"ಬಾಗಿಲಾಚೆ ಅರ್ಧ ಸಮುದ್ರವೇ ಬಿದ್ದಿದೆ,
ಮೊಂತೆವಿದೆಯೊಗೆ ಉಪ್ಪಿನ ಬರವೇ?" ಅಂದಳು.

ಹದಿನಾಲ್ಕು ಮೇಜು, ಹದಿನಾಲ್ಕು ಕುಡಿಕೆ,
ಒಂದೊಂದರಲ್ಲೂ ತೇವ ಹೀರಲು ನಾಲ್ಕು ಅಕ್ಕಿಕಾಳು.
ಎಲ್ಲ ಒಟ್ಟಿ ಗಲ್ಲಾದಡಿ ಇಟ್ಟೆ.
ಮೇಜುಬಟ್ಟೆಯ ನಡುವೆ ದುಂಡನೆ ಬಿಳಿ ಗುರುತು,
ವಾಚು ಬಿಚ್ಚಿದ ಮಣಿಕಟ್ಟಿನ ಹಾಗೆ.

ಮೊದಲ ವಾರ ಬರೀ ಜಗಳ.
"ಎವಾರಿಸ್ತೊ, ಇದೇನು ಹೋಟೆಲೋ ಆಸ್ಪತ್ರೆಯೋ?"
ಕೇಳಿದರು, ಕೊಟ್ಟೆ. ಬೈದರು, ಕೊಟ್ಟೆ.
ಮೂರನೆಯ ವಾರ ಅರ್ಧ ಜನ ಕೇಳುವುದನ್ನೇ ಮರೆತರು.
ಕೈ ಮಾತ್ರ, ಮಾತಿನ ನಡುವೆ, ಆ ಖಾಲಿ ಜಾಗಕ್ಕೆ ಹೋಗಿ
ಏನೂ ಸಿಗದೆ
ಬ್ರೆಡ್ಡು ಮುರಿದುಕೊಂಡು ವಾಪಸಾಗುತ್ತಿತ್ತು.

ಹೆರ್ವಾಸಿಯೊ ಕೇಳಲೇ ಇಲ್ಲ.
ಬಂದರಿನಲ್ಲಿ ಕ್ರೇನು ನಡೆಸಿದವನು, ಕಿಟಕಿಯ ಮೇಜು, ಒಬ್ಬನೇ.
ರುಚಿ ನೋಡುವ ಮೊದಲೇ ಕುಡಿಕೆ ಬೋರಲು ಹಾಕುತ್ತಿದ್ದವನು.
ಮುಷ್ಕರ ಮುರಿದ ವರ್ಷ ಕೆಲಸ ಕೇಳಲಿಲ್ಲ,
ಮಗಳ ಮದುವೆಗೆ ಸಾಲ ಕೇಳಲಿಲ್ಲ,
ಇನ್ನು ಚಿಟಿಕೆ ಉಪ್ಪಿಗೆ ನನ್ನೆದುರು ಕೈಯೊಡ್ಡುತ್ತಾನೆಯೇ?
ತಟ್ಟೆ ನೋಡಿದ, ನನ್ನ ನೋಡಿದ,
ಸಪ್ಪೆ ಮಸೂರ ನುಂಗಿದ.
ಹೀಗೇ ಎಂಟು ತಿಂಗಳು.

ಸುಮ್ಮನೆ ಒಯ್ದು ಪಕ್ಕದಲ್ಲಿಟ್ಟುಬಿಡೋಣ ಎನಿಸಿದ್ದುಂಟು.
ತಡೆದದ್ದು ದಂಡದ ಹೆದರಿಕೆಯಲ್ಲ.
ನನ್ನಪ್ಪ ಐವತ್ತೆರಡಕ್ಕೆ, ಇದೇ ಊರಿನಲ್ಲಿ,
ಚಮಚ ಬಾಯಿ ಮುಟ್ಟುವಷ್ಟರಲ್ಲಿ ಎದೆ ಹಿಡಿದುಕೊಂಡ.
ಮೇಜಿನ ಆ ತುದಿಯಿಂದ ಉಪ್ಪು ಸರಿಸಿಕೊಟ್ಟವನು ನಾನು,
ಒಂಬತ್ತು ವರ್ಷದವ.
ಉಪ್ಪು ತಿಂದವನು ನೀರು ಕುಡಿಯಬೇಕಂತೆ;
ಅಪ್ಪನಿಗೆ ನೀರು ತರುವಷ್ಟು ಹೊತ್ತೂ ಸಿಗಲಿಲ್ಲ.
ಒಂದು ಚಿಟಿಕೆಗೆ ಯಾರೂ ಸಾಯುವುದಿಲ್ಲ. ಗೊತ್ತು.
ಕೈಗೆ ಗೊತ್ತಿಲ್ಲ.

ಮೊನ್ನೆ ಹೆರ್ವಾಸಿಯೊ ಕ್ಲಿನಿಕ್ಕಿನಿಂದ ನೇರ ಬಂದ,
ಅಂಗಿಯ ತೋಳು ಇನ್ನೂ ಮೇಲಕ್ಕೆ ಮಡಚಿಯೇ ಇತ್ತು.
ಎರಡು ಅಂಕಿ ಹೇಳಿದ, ಮೇಲಿನದು, ಕೆಳಗಿನದು,
ಯಾರದೋ ಫುಟ್‌ಬಾಲ್ ಪಂದ್ಯದ ಫಲಿತಾಂಶದಂತೆ.
"ಡಾಕ್ಟರಮ್ಮ ಒಂದು ಮಾತ್ರೆ ತೆಗೆದಳು. ಏನು ಮಾಡಿದಿರಿ ಅಂದಳು."
"ಏನಂದೆ?"
"ಏನೂ ಮಾಡಲಿಲ್ಲ ಅಂದೆ. ಕೇಳಲಿಲ್ಲ, ಅಷ್ಟೇ."

ಆಮೇಲೆ ತಟ್ಟೆಯ ಹತ್ತಿರಕ್ಕೆ ಮೂಗು ತಂದು
"ಇವತ್ತು ಜೀರಿಗೆ ಹಾಕಿದ್ದೀರಾ?" ಅಂದ.

ಸೊಯ್ಲಾ ಜೀರಿಗೆ ಹಾಕತೊಡಗಿ
ಇಪ್ಪತ್ತು ವರ್ಷವಾಯಿತು.